ಬಲಾತ್ಕಾರ, ಬಲವಂತ, ಒತ್ತಾಯ: ಕರಾರಿನ ಕಾನೂನಿಗೆ ಯಾವುದು ಸರಿ?

ಗೆಳೆಯರೇ, ನಮಸ್ಕಾರ.

ಶಿರಸಿ ಕಡೆಯ ಹೆಣ್ಣುಮಕ್ಕಳಿಗಾಗಿ ಆಸ್ತಿ ಹಕ್ಕಿನ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ತೋಟದ ಹಿಸ್ಸೆಯ ಹೊತ್ತಿಗೆ ಹೆದರಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಏನು ದಾರಿ ಅನ್ನುವ ಭಾಗದಲ್ಲಿ ಎರಡು ಇಂಗ್ಲಿಷ್ ಪದಗಳಿಗೆ ಸರಿಯಾದ ಕನ್ನಡ ಹುಡುಕಲು ನಿಮ್ಮ ಸಹಾಯ ಬೇಕು.

ಮೊದಲನೆಯದು 1872ರ ಕರಾರು ಕಾಯ್ದೆಯ 15ನೇ ಸೆಕ್ಷನ್ನಿನ ‘ಕೊಯರ್ಷನ್’, ಅಂದರೆ ಹೆದರಿಸಿಯೋ ತಡೆದೋ ಕರಾರಿಗೆ ಒಪ್ಪಿಸುವುದು. ಇದಕ್ಕೆ ‘ಬಲಾತ್ಕಾರ’ ಅಂತ ಬರೆಯುವುದುಂಟು. ಆದರೆ ಇವತ್ತು ಆ ಪದ ಕೇಳಿದರೆ ಅತ್ಯಾಚಾರವೇ ನೆನಪಾಗುತ್ತದೆ. ‘ಒತ್ತಾಯ’ ತೀರಾ ಮೆತ್ತಗಾಯಿತು. ಪಂಕ್ತಿಯಲ್ಲಿ ಬೇಡ ಬೇಡವೆಂದರೂ ಇನ್ನೊಂದು ಹೋಳಿಗೆ ಬಡಿಸುವುದೂ ನಮ್ಮಲ್ಲಿ ಒತ್ತಾಯವೇ ಅಲ್ವಾ? ‘ಬೆದರಿಕೆ’ ಸಾಲದು. ದಂಡ ಸಂಹಿತೆ ನಿಷೇಧಿಸಿದ ಕೆಲಸ ಮಾಡುವುದು, ಮಾಡುತ್ತೇನೆಂದು ಹೆದರಿಸುವುದು ಮಾತ್ರವಲ್ಲ, ಆಸ್ತಿಯನ್ನು ಅಕ್ರಮವಾಗಿ ಹಿಡಿದಿಟ್ಟುಕೊಳ್ಳುವುದೂ ಈ ಸೆಕ್ಷನ್ನಿನಲ್ಲಿ ಸೇರಿದೆ. ಸಹಿ ಹಾಕುವ ತನಕ ನಿಮ್ಮ ಅಡಿಕೆ ಚೀಲ ಬಿಡೋದಿಲ್ಲ ಅಂತ ತಡೆದರೆ ಅದೂ ಬಂತು. ‘ಪತ್ರ ಬರೆದುಕೊಡದಿದ್ದರೆ ಸಾಯುತ್ತೇನೆ’ ಎಂದು ಗಂಡ ತನ್ನ ಹೆಂಡತಿ, ಮಗನಿಂದ ಹಕ್ಕು ಬಿಡಿಸಿದ್ದನ್ನೂ ಮದ್ರಾಸ್ ಹೈಕೋರ್ಟ್ 1917ರಲ್ಲಿ ಬಹುಮತದಿಂದ ಇದೇ ಲೆಕ್ಕಕ್ಕೆ ಸೇರಿಸಿತು. ಸುಮ್ನೆ ದಾಕ್ಷಿಣ್ಯಕ್ಕೆ ಹಾಕಿದ ಸಹಿ ಮಾತ್ರ ಇದರಲ್ಲಿ ಬರುವುದಿಲ್ಲ. ಇಷ್ಟೆಲ್ಲ ನೋಡಿದರೆ ನನ್ನ ಒಲವು ‘ಬಲವಂತ’ದ ಕಡೆಗೆ.

ಎರಡನೆಯದು ‘ವಾಯ್ಡಬಲ್’. ನನಗೆ ಜಾಸ್ತಿ ಚಿಂತೆ ಇದರದ್ದೇ. 19ನೇ ಸೆಕ್ಷನ್ ಪ್ರಕಾರ ಬಲವಂತದ ಕರಾರು ತಾನಾಗಿ ಬಿದ್ದುಹೋಗುವುದಿಲ್ಲ. ಬಲವಂತಕ್ಕೆ ಸಿಕ್ಕವರು ಬೇಕಾದರೆ ಉಳಿಸಿಕೊಳ್ಳಬಹುದು, ಬೇಡವಾದರೆ ಬಿಡಿಸಿಕೊಳ್ಳಬಹುದು. ಬಲವಂತ ಮಾಡಿದವರಿಗೆ ಆ ಆಯ್ಕೆ ಇಲ್ಲ. ಇದನ್ನು ‘ಅನೂರ್ಜಿತ’ (ಮೊದಲಿಂದಲೇ ಬೆಲೆಯಿಲ್ಲದ್ದು) ಅಂತ ಬರೆದುಬಿಟ್ಟರೆ, ‘ಹೆದರಿಸಿ ಹಾಕಿಸಿದ ಸಹಿ ತಾನೇ, ಅದು ನಡೆಯೋದಿಲ್ಲ ಬಿಡು’ ಎಂದು ಓದಿದವರು ಸುಮ್ಮನೆ ಕೂರುತ್ತಾರೆ. ಅಂಥ ಪತ್ರ ರದ್ದುಪಡಿಸಲು ದಾವೆ ಹಾಕುವುದಕ್ಕೆ ಇರುವ ಅವಧಿ 3 ವರ್ಷ. ಅದು ಕಳೆದರೆ ತೋಟ ಕೈತಪ್ಪುತ್ತದೆ. ಒಂದು ಪದದಿಂದ ಅಂಥ ನಷ್ಟ ಆಗಬಾರದು.

‘ಶೂನ್ಯೀಕರಣೀಯ’ ಯಾರಿಗೂ ಅರ್ಥವಾಗದು. ‘ರದ್ದು ಮಾಡಬಹುದಾದ’ ಎಂದರೆ ಯಾರು ಮಾಡಬಹುದು ಅನ್ನುವುದೇ ಬಿಟ್ಟುಹೋಗುತ್ತದೆ. ಸದ್ಯಕ್ಕೆ ‘ಬಲವಂತಕ್ಕೆ ಸಿಕ್ಕವರು ರದ್ದು ಮಾಡಿಸಬಹುದಾದ ಕರಾರು’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ತಪ್ಪು ದಾರಿಗೆ ಎಳೆಯುವುದಿಲ್ಲ.

ಕಾರವಾರ, ಹೊನ್ನಾವರದ ಕಡೆ ವಕೀಲರು ಕಕ್ಷಿದಾರರಿಗೆ ಇದನ್ನು ಬಾಯಿಮಾತಲ್ಲಿ ಹೇಗೆ ಹೇಳುತ್ತಾರೆ? ಹಳೆಯ ಪತ್ರಗಳಲ್ಲಿ ಚಿಕ್ಕ ಪದವೇನಾದರೂ ಕಂಡಿದ್ದರೆ ದಯವಿಟ್ಟು ವಾಕ್ಯದ ಸಮೇತ ತಿಳಿಸಿ.