ನಿಂತ ಗಾಡಿಯ ಬ್ಯಾಟರಿ ಇಳಿಸುವ ಕರೆಂಟಿಗೆ ಕನ್ನಡದಲ್ಲಿ ಏನೆನ್ನೋಣ? (ಪದ ಇವತ್ತೇ ಬೇಕು)

ಉಡುಪಿಯಿಂದ:
ನಮಸ್ಕಾರ. ಸಂತೆಕಟ್ಟೆಯ ಗ್ಯಾರೇಜೊಂದಕ್ಕೆ ಬೋರ್ಡ್ ಬರೆದುಕೊಡುತ್ತಿದ್ದೇನೆ, ಸಂಜೆ ಐದಕ್ಕೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು. 'ಪ್ಯಾರಸಿಟಿಕ್ ಡ್ರೇನ್' ಪರೀಕ್ಷೆ ಎಂಬುದು ಕನ್ನಡದಲ್ಲಿ ಬೇಕಂತೆ. ಚಾವಿ ತೆಗೆದು ಬಾಗಿಲು ಹಾಕಿದ ಮೇಲೂ ಯಾವುದೋ ಸರ್ಕ್ಯೂಟ್ ಕರೆಂಟ್ ಎಳೆಯುತ್ತಾ ಇದ್ದು, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಅದು. 'ವಿದ್ಯುತ್ ಸೋರಿಕೆ' ಆದೀತೇ?

ಕಾರ್ಕಳದಿಂದ:
ಆಗದು. ಸೋರುವುದು ಮಾಡು, ಕೊಡಪಾನ. 'ಬಸಿ' ಧಾತು ಇರುವಾಗ ಹುಡುಕಾಟವೇಕೆ? ಕುಡಿತ, ಕಡಿತ ಇದ್ದ ಹಾಗೆ 'ಬಸಿತ'. ಬಸಿಗಾಲುವೆ ಇಲ್ಲದೆ ನಮ್ಮಲ್ಲಿ ಅಡಿಕೆ ತೋಟ ಉಂಟೇ? 'ಪರಾವಲಂಬಿ ಬಸಿತ' ಬೇಡ, ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ಪ್ಯಾರಸೈಟ್ ಎಂದರೆ ಮರಕ್ಕಂಟಿ ರಸ ಹೀರುವ ಬಂದಳಿಕೆ ಗಿಡವೇ ತಾನೆ, 'ಬಂದಳಿಕೆ ಬಸಿತ' ಅನ್ನಿ. ಅಚ್ಚಗನ್ನಡ.

ಮಂಗಳೂರಿನಿಂದ:
ತೆಳಿ ಬಸಿಯುವವರು ಬೇಕೆಂದೇ ಬಸಿಯುತ್ತಾರೆ. ಇಲ್ಲಿ ಬಸಿಯುವವರು ಯಾರು? ಬಂದಳಿಕೆಯಂತೂ ಇಂಗ್ಲಿಷಿನವರ ತಪ್ಪು ಉಪಮೆ, ಅದನ್ನು ನಾವೇಕೆ ಹೊರಬೇಕು. ಬಂದಳಿಕೆಯ ಬೀಜವನ್ನು ಮಾವಿನ ಕೊಂಬೆಗೆ ಅಂಟಿಸುವುದು ಹಕ್ಕಿ. ಬ್ಯಾಟರಿ ಇಳಿಸುವುದು ಹೆಚ್ಚಾಗಿ ಮನೆಯವರೇ: ಆರದ ಡಿಕ್ಕಿ ಲೈಟ್, ಅಂಟಿಕೊಂಡ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಕೆಟ್ಟ ಡಯೋಡ್. ಗಡಿಯಾರ, ಅಲಾರ್ಮ್‌ಗಳಿಗೆ ಗಾಡಿ ನಿಂತಾಗಲೂ ಸ್ವಲ್ಪ ಕರೆಂಟ್ ಬೇಕೇ ಬೇಕು. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಅರ್ಧ ಆಂಪಿಯರ್ ಹೋಗುತ್ತಿದ್ದರೆ 45 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಲ್ಲಿ 90 ಗಂಟೆಗೆ ಖಾಲಿ. ಗಾಡಿ ಕೈಕೊಡುವುದು ಅದಕ್ಕೂ ಮೊದಲೇ. ನಿಮ್ಮ ಬಸಿತದಲ್ಲಿ ಈ 'ಮಿತಿ ಮೀರಿದ್ದು' ಎಂಬ ಸುಳಿವೇ ಇಲ್ಲ.

ಕಾರ್ಕಳದಿಂದ:
ಬ್ಯಾಟರಿ ಮಾತ್ರ ಕನ್ನಡವೋ? ವಿದ್ಯುತ್ಕೋಶ ಸಂಸ್ಕೃತ. 'ಮಿಂಚುಗೂಡು' ಎನ್ನಬಹುದಿತ್ತು. ಹೀಗೆ ಒಂದೊಂದೇ ಬಿಟ್ಟು ಬಿಟ್ಟು ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ.

ಮಂಗಳೂರಿನಿಂದ:
ಇಲ್ಲಿಯ ಬೋಳೂರಿಗೆ ಬನ್ನಿ, ಟಿಪ್ಪುವಿನ ಕಾವಲು ಬುರುಜು ಸುಲ್ತಾನ್ ಬತ್ತೇರಿ ತೋರಿಸುತ್ತೇನೆ. ಅದೇ ಪದ. ಫಿರಂಗಿ ಸಾಲಿನ ಹೆಸರನ್ನೇ ಬೆಂಜಮಿನ್ ಫ್ರಾಂಕ್ಲಿನ್ ತಾನು ಜೋಡಿಸಿದ ಲೈಡನ್ ಜಾಡಿಗಳ (ವಿದ್ಯುತ್ ಹಿಡಿದಿಡುವ ಗಾಜಿನ ಜಾಡಿಗಳು) ಸಾಲಿಗೂ ಇಟ್ಟ. ಟಿಪ್ಪುವಿನ ಕಾಲದಿಂದ ಗುರುಪುರ ಹೊಳೆಯ ದಂಡೆಯಲ್ಲಿ ನಿಂತ ಪದ ನಿಮ್ಮ ಮಿಂಚುಗೂಡಿಗಿಂತ ಹಳೆಯ ಕನ್ನಡ. ಚಾವಿ ಪೋರ್ಚುಗೀಸ್. ಬೀಗ ಹಾಕದೆ ಮಲಗುತ್ತೀರಾ?

ಕಟಪಾಡಿಯಿಂದ:
ನಾನು ವೈರಿಂಗ್ ಕೆಲಸದವ, ವ್ಯಾಕರಣ ನೀವೇ ನೋಡಿಕೊಳ್ಳಿ. ಗಿರಾಕಿ ಬಂದು ಹೇಳುದು, "ಎಂತದೋ ಬ್ಯಾಟ್ರಿ ತಿಂತಾ ಉಂಟು ಮಾರಾಯ್ರೆ." ನಾವು ನೆಗೆಟಿವ್ ವೈರ್ ಬಿಚ್ಚಿ ಮಧ್ಯೆ ಮೀಟರ್ ಹಾಕುದು. ಈಗಿನ ಗಾಡಿ 'ಮಲಗ್ಲಿಕ್ಕೆ', ಅಂದ್ರೆ ಒಳಗಿನ ಎಲೆಕ್ಟ್ರಾನಿಕ್ಸ್ ಎಲ್ಲ ಸುಮ್ಮನಾಗ್ಲಿಕ್ಕೆ, ಅರ್ಧ-ಮುಕ್ಕಾಲು ಗಂಟೆ ಬೇಕು, ನಡುವೆ ಬಾಗಿಲು ತೆಗೆದ್ರೆ ಮತ್ತೆ ಎದ್ದು ಕೂರ್ತದೆ. ಆಮೇಲೆ ಒಂದೊಂದೇ ಫ್ಯೂಸ್ ಕೀಳುದು. ಯಾವುದು ಕಿತ್ತಾಗ ಮೀಟರ್ ಇಳಿಯಿತೋ, ತಿನ್ನುವವ ಆ ಲೈನಿನಲ್ಲಿ ಇದ್ದಾನೆ. ಯಾವ ಫ್ಯೂಸಿಗೂ ಇಳಿಯದಿದ್ರೆ ಆಲ್ಟರ್ನೇಟರ್ ವೈರ್ ಬಿಚ್ಚಿ ನೋಡುದು. ಲೀಕೇಜ್ ಅಂದ್ರೆ ನಮಗೆ ಬೇರೆ, ಕರೆಂಟ್ ಗಾಡಿಯ ಬಾಡಿ ತಗಡಿಗೆ ಹೋಗುದು.

ಕಾರ್ಕಳದಿಂದ:
ಕ್ರಿಯಾಪದ ಆಯಿತು. ನಾಮಪದ?

ಉಡುಪಿಯಿಂದ:
ಐದು ಗಂಟೆ ಆಯ್ತು. "ನಿಂತ ಗಾಡಿಯ ಬ್ಯಾಟರಿ ತಿನ್ನುತ್ತಿರುವುದು ಯಾವುದು? ಇಲ್ಲಿ ಪರೀಕ್ಷಿಸಿ ಕೊಡಲಾಗುವುದು" ಅಂತ ಕಳಿಸಿಬಿಟ್ಟೆ. ಇಂಗ್ಲಿಷ್ ಹೆಸರನ್ನೂ ಕೆಳಗೆ ಸಣ್ಣಕ್ಕೆ ಹಾಕಿಸಿದ್ದಾರೆ. ಎಲ್ಲರಿಗೂ ಧನ್ಯವಾದ.

ಕಾರ್ಕಳದಿಂದ:
'ಪರೀಕ್ಷಿಸಿ' ಸಂಸ್ಕೃತ.