ಡ್ರೆಸಿಂಗ್ ಹೊತ್ತಿನ ಗಾಬರಿಗೆ ವಿಆರ್ ಹೆಡ್‌ಸೆಟ್: ಮಲಗಿದ ಪೇಷಂಟಿಗೆ ನಡೀತದೇನ್ರಿ?

ಡ್ರೆಸಿಂಗ್ ರೂಮ್, ಗದಗ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಗದಗಿನ ಸಣ್ಣ ಆಸ್ಪತ್ರೆ. ಸುಟ್ಟಗಾಯದ ಡ್ರೆಸಿಂಗ್ ಬದಲಿಸೂ ಮುಂದ, ಮಕ್ಕಳಿಗೆ ಸಲೈನ್ ಸೂಜಿ ಹಾಕೂ ಮುಂದ ಆಗೂ ಗಾಬರಿ ಕಡಿಮಿ ಮಾಡಾಕ ಒಂದು ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡ್ರ ಸುತ್ತಲೂ ಬ್ಯಾರೆ ಲೋಕ ಕಾಣೂ ಸಾಧನ) ತರೂ ವಿಚಾರ ಐತಿ. ರೊಕ್ಕ ಒಂದಕ್ಕಷ್ಟ ಐತಿ, ಹಂಗಾಗಿ ತರೂ ಮೊದಲ ಕೇಳಾಕತ್ತೀನಿ. ಮಲಗಿದವರಿಗೆ ಹಾಕಿದ್ರ ಚಿತ್ರ ಸರಿ ಕಾಣ್ತದೇನು? ಇದನ್ನ ಹಾಕಿದ್ರ ನೋವಿನ ಇಂಜೆಕ್ಷನ್ ಕಡಿಮಿ ಮಾಡಬಹುದೇನು? ಒಬ್ಬರ ಮುಖಕ್ಕ ಹಾಕಿದ್ದು ಇನ್ನೊಬ್ಬರಿಗೆ ಹಾಕೂ ಮುಂದ ಹೆಂಗ ಸ್ವಚ್ಛ ಮಾಡೂದು? ಹಳ್ಳಿ ಕಡೆ ಹಿರ್‍ಯಾರಿಗೆ ಇಂಗ್ಲಿಷ್ ಆ್ಯಪ್ ತೋರಿಸಿ ಉಪಯೋಗ ಇಲ್ಲ, ಅವರಿಗೆ ಏನ್ ತೋರಸೂದು? ಇನ್ನೊಂದು, ಅಮೆರಿಕದಾಗ ಔಷಧ, ವೈದ್ಯಕೀಯ ಸಾಧನ ಪರೀಕ್ಷೆ ಮಾಡೂ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗಿ ಐತಿ ಅಂತ ಮಾರೂ ಮಂದಿ ಕಾಗದ ತೋರಸ್ತಾರ. ಅದು ನಮ್ಮ ಕೆಲಸಕ್ಕ ಹೊಂದ್ತದೇನು?

ಅರಿವಳಿಕೆ, ಧಾರವಾಡ

ಕೊನೆಯ ಪ್ರಶ್ನೆ ಮೊದಲು ಮುಗಿಸೋಣ. 2021ರ ನವೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿದ್ದು ಈಸ್‌ವಿಆರ್‌ಎಕ್ಸ್ ಎಂಬ ವ್ಯವಸ್ಥೆಯನ್ನು. ಅದು ವಯಸ್ಕರ ಹಳೆಯ ಸೊಂಟನೋವಿಗೆ, ಮನೆಯಲ್ಲೇ ಬಳಸುವಂಥದ್ದು. ಡ್ರೆಸಿಂಗಿಗೂ ಸೂಜಿಗೂ ಆ ಕಾಗದ ಸಾಕ್ಷಿಯಾಗುವುದಿಲ್ಲ. ನಿಮ್ಮ ಕೆಲಸಕ್ಕೆ ಹತ್ತಿರದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಸುಟ್ಟಗಾಯದವರಿಗೆಂದೇ ಬೆಳೆಸಿದ ಸ್ನೋವರ್ಲ್ಡ್. ಹಿಮದ ಕಣಿವೆಯಲ್ಲಿ ತೇಲುತ್ತ ಹಿಮದ ಉಂಡೆ ಎಸೆಯುವ ಆಟ ಅದು. ನೋವು ಪೂರ್ತಿ ಅರಿವಿಗೆ ಬರಬೇಕಾದರೆ ಅದಕ್ಕೆ ಗಮನ ಬೇಕು. ಆ ಗಮನವನ್ನು ಆಟ ಎಳೆದುಕೊಳ್ಳುತ್ತದೆ. ಅದಕ್ಕೇ ಸುಮ್ಮನೆ ನೋಡಿಸುವ ವಿಡಿಯೊಗಿಂತ ಏನಾದರೊಂದು ಮಾಡಿಸುವ ಆಟ ಗಟ್ಟಿ.

ನೋವಿನ ಔಷಧ ಕಡಿಮೆ ಮಾಡಲು ಹೋಗಬೇಡಿ. ಇದು ಔಷಧದ ಜೊತೆಗೆ, ಔಷಧದ ಬದಲಿಗಲ್ಲ. ಮಕ್ಕಳ ಸೂಜಿಗೆ ಚರ್ಮ ಮರಗಟ್ಟಿಸುವ ಲಿಗ್ನೋಕೇನ್–ಪ್ರಿಲೋಕೇನ್ ಕ್ರೀಮನ್ನು 60 ನಿಮಿಷ ಮೊದಲೇ ಹಚ್ಚಿ, ಮೇಲೆ ಪಾರದರ್ಶಕ ಪಟ್ಟಿ ಹಾಕುವ ಪದ್ಧತಿ ಹಾಗೇ ಇರಲಿ. ಡ್ರೆಸಿಂಗಿಗೆ ಕೊಡುವ ಇಂಜೆಕ್ಷನ್ ಹಿಡಿಯುವ ಹೊತ್ತಿಗೆ ಹೆಡ್‌ಸೆಟ್ ಏರಿರಬೇಕು.

ಹೆಚ್ಚಿನ ಕಡೆ ಕೆಡುವುದು ಹೊತ್ತಿನ ಲೆಕ್ಕದಲ್ಲಿ. ಟ್ರೇ ತೆರೆದು, ಹಳೆಯ ಪಟ್ಟಿ ಬಿಚ್ಚಲು ಶುರುಮಾಡಿ, ಪೇಷಂಟ್ ಚೀರಿದ ಮೇಲೆ ಹೆಡ್‌ಸೆಟ್ ತಂದರೆ ಅದು ಇನ್ನೊಂದು ಕಾಟ ಅಷ್ಟೇ. ಕನಿಷ್ಠ 5 ನಿಮಿಷ ಮೊದಲು ಹಾಕಿ, ಆಟ ಕೈಗೆ ಹತ್ತಿದ ಮೇಲೆ ಗಾಯ ಮುಟ್ಟಿ. ಮುಟ್ಟುವ ಮುನ್ನ ಬಾಯಲ್ಲಿ ಹೇಳಿ: "ಈಗ ಎಡಗೈ ಮುಟ್ತೀನಿ." ಕಣ್ಣು ಮುಚ್ಚಿದವರನ್ನು ಹೇಳದೆ ಮುಟ್ಟಿದರೆ ಬೆಚ್ಚಿಬಿದ್ದು ಕೈ ಎಳೆದುಕೊಳ್ಳುತ್ತಾರೆ, ಸೂಜಿ ಇದ್ದಾಗ ಇದು ಅಪಾಯ. ಅದಕ್ಕೇ ಧ್ವನಿ ಅರ್ಧಕ್ಕಿಂತ ಕಡಿಮೆ ಇರಲಿ, ಕಿವಿ ಮುಚ್ಚುವ ಹೆಡ್‌ಫೋನ್ ಬೇಡ. ನಿಲ್ಲಿಸಬೇಕೆನಿಸಿದರೆ ಗಾಯವಿಲ್ಲದ ಕೈ ಎತ್ತಲು ಮೊದಲೇ ಹೇಳಿಕೊಡಿ. ಎತ್ತಿದರೆ ನಿಲ್ಲಿಸಲೇಬೇಕು, ಇಲ್ಲವಾದರೆ ಎರಡನೆಯ ಸಲ ಅವರು ನಿಮ್ಮನ್ನು ನಂಬುವುದಿಲ್ಲ.

ಇನ್ನು ಹೆಡ್‌ಸೆಟ್ ಅರ್ಧ ಮುಖ ಮುಚ್ಚುತ್ತದೆ. ಮುಖ ಬಿಳಿಚಿದ್ದು, ಕಣ್ಣು ತೇಲಿಸಿದ್ದು ನಿಮಗೆ ಕಾಣುವುದಿಲ್ಲ. ಸೂಜಿ ಕಂಡರೆ ತಲೆ ತಿರುಗಿ ಬೀಳುವವರು ಇರುತ್ತಾರಲ್ಲ, ಅವರ ವಿಷಯದಲ್ಲಿ ಇದು ಮುಖ್ಯ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಇರಲಿ, ತುಟಿಯ ಬಣ್ಣ ನೋಡುತ್ತಿರಿ, ಮಾತಾಡಿಸುತ್ತಿರಿ, ವಾಂತಿ ಬಂದರೆ ಹಿಡಿಯಲು ಕಿಡ್ನಿ ಟ್ರೇ ಕೈಗೆಟಕುವಂತಿರಲಿ. ಮಂಪರು ಗಾಢವಾಗುವ ಔಷಧ ಕೊಟ್ಟ ಮೇಲೆ ಹೆಡ್‌ಸೆಟ್ ತೆಗೆದುಬಿಡಿ. ಆಗ ಅದರಿಂದ ಲಾಭವಿಲ್ಲ, ಆಕ್ಸಿಜನ್ ಮಾಸ್ಕಿಗೆ ಅಡ್ಡ. ಮೂರ್ಛೆರೋಗ, ತಲೆಗೆ ಹೊಸ ಪೆಟ್ಟು, ಕಣ್ಣುಬೇನೆ, ತಲೆಸುತ್ತು, ವಾಂತಿ, ಮುಖದ ಮೇಲೆ ಗಾಯ — ಇವರಿಗೆ ಬೇಡ. ಮುಖಕ್ಕೆ ತಾಕದಂತೆ ಸ್ಟ್ಯಾಂಡಿನ ತೋಳಿಗೆ ಹೆಡ್‌ಸೆಟ್ ಕಟ್ಟಿ ಕಣ್ಣಮುಂದೆ ಹಿಡಿಯುವ ಏರ್ಪಾಡನ್ನು ಸಿಯಾಟಲ್‌ನವರು ಮಾಡಿದ್ದರು, ಆದರೆ ಅದು ಸಣ್ಣ ಆಸ್ಪತ್ರೆಯ ಮಾತಲ್ಲ. ಪೇಸ್‌ಮೇಕರ್ ಇದ್ದವರನ್ನೂ ಬಿಡಿ. ಸಾಧನದಲ್ಲಿ ಅಯಸ್ಕಾಂತ, ರೇಡಿಯೊ ಎರಡೂ ಇವೆ.

ಲೆನ್ಸ್, ಹುಬ್ಬಳ್ಳಿ

ಮಲಗಿದವರ ಪ್ರಶ್ನೆಗೆ ನಾ ಹೇಳ್ತೀನಿ. ಅಂಗಾತ ಮಲಗಿ ಹೆಡ್‌ಸೆಟ್ ಹಾಕಿದ್ರ ಕಾಣೂದು ಬರೇ ಆಕಾಶ. ಯಾಕಂದ್ರ ಹೆಡ್‌ಸೆಟ್‌ಗೆ ನೆಲ ಯಾವ ಕಡೆ ಅನ್ನೂದು ಗೊತ್ತಿರ್ತದ. ಮೆಟಾ ಕಂಪನಿಯ ಹೆಡ್‌ಸೆಟ್ ಆದ್ರ ಕಂಟ್ರೋಲರ್ (ಕೈಯಾಗ ಹಿಡಿಯೂ ಸಾಧನ) ಮ್ಯಾಲಿನ ಮೆಟಾ ಬಟನ್ ಒತ್ತಿ ಹಿಡಿದ್ರ ಎಡ-ಬಲ ಸರಿ ಆಗ್ತದ, ಮ್ಯಾಲ-ಕೆಳಗ ಆಗೂದಿಲ್ಲ. ಇದಕ್ಕ ಎರಡು ದಾರಿ. ಅದ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್‌ನ ಈಚಿನ ಸಾಫ್ಟ್‌ವೇರ್‌ನ್ಯಾಗ ಮಲಗಿ ಬಳಸೂ ಆಯ್ಕೆ ಐತಿ, ತಗೊಳ್ಳೂ ಮುಂದ ಅಂಗಡ್ಯಾಗ ಮಲಗೇ ನೋಡ್ರಿ, ನಾಚಿಕಿ ಬ್ಯಾಡ. 360 ಡಿಗ್ರಿ ವಿಡಿಯೊ (ಸುತ್ತಲೂ ತಿರುಗಿ ನೋಡೂವಂಥದ್ದು) ಆದ್ರ ಎಡಿಟ್ ಮಾಡೂ ಮುಂದನ ಚಿತ್ರಾನ 60–70 ಡಿಗ್ರಿ ಮ್ಯಾಲೆತ್ತಿ ಇಟ್ಟುಬಿಡ್ರಿ. ಮಲಗಿದವರಿಗೆ ಒಂದು ಫೈಲು, ಕುಂತವರಿಗೆ ಒಂದು ಫೈಲು.

ಭಾರ ಇನ್ನೊಂದು. ಕ್ವೆಸ್ಟ್ 3 ಅಂದ್ರ 515 ಗ್ರಾಂ, ಭಾರ ಎಲ್ಲಾ ಮುಂದ. ಕುಂತವರಿಗೆ ಹಿಂದ ಬ್ಯಾಟರಿ ಇರೂ ಗಟ್ಟಿ ಪಟ್ಟಿ ಛಲೋ, ಸಮತೋಲ ಬರ್ತದ. ಅದ ಪಟ್ಟಿ ಮಲಗಿದವರಿಗೆ ಹಾಕಿದ್ರ ಹಿಂದಲೆ ಮ್ಯಾಲ ಕಲ್ಲು ಇಟ್ಟಂಗ ಒತ್ತತದ. ಅವರಿಗೆ ಮೆತ್ತನ್ನ ಬಟ್ಟಿ ಪಟ್ಟಿ ಹಾಕ್ರಿ, ತಲಿ ಕೆಳಗ ರಿಂಗ್ ದಿಂಬು ಇಡ್ರಿ.

ನಡುವ ಚಿತ್ರ ನಿಂತು "ಗಡಿ ಹಾಕಿ", ಅಂದ್ರ ಬಳಸೂ ಜಾಗದ ಸುತ್ತ ಗೆರಿ ಹಾಕಿ ತೋರಿಸಿ ಅಂತ ಹೆಡ್‌ಸೆಟ್ ಕೇಳೂದು ದೊಡ್ಡ ಕಿರಿಕಿರಿ. ಕಾಟು ಸರಿಸಿದ್ರ, ಹಸರು ಡ್ರೇಪ್ ಕ್ಯಾಮೆರಾ ಮ್ಯಾಲ ಬಂದ್ರ, ಖಾಲಿ ಬಿಳಿ ಗ್ವಾಡಿ ಇದ್ರ, ಲೈಟ್ ಕಡಿಮಿ ಆದ್ರ ಟ್ರ್ಯಾಕಿಂಗ್ (ತಾನು ಎಲ್ಲಿ ಅದೀನಿ ಅಂತ ಹೆಡ್‌ಸೆಟ್ ಕ್ಯಾಮೆರಾದಿಂದ ಗುರ್ತು ಹಿಡಿಯೂದು) ತಪ್ಪತದ. ಪೇಷಂಟ್ ಎಲ್ಲಿ ಮಲಗ್ತಾರೋ ಅಲ್ಲೇ, ಜಾಗ ಬಿಟ್ಟು ಕದಲದವರಿಗಿರೂ ಗಡಿ ಹಾಕ್ರಿ, ಗ್ವಾಡಿಗೆ ಒಂದೆರಡು ದೊಡ್ಡ ಕ್ಯಾಲೆಂಡರ್ ಹಚ್ರಿ. ಬರೇ ವಿಡಿಯೊ ಆದ್ರ ಟ್ರ್ಯಾಕಿಂಗ್ ಬಂದ್ ಮಾಡಿದ್ರೂ ನಡೀತದ. ಕನ್ನಡಕದವರಿಗೆ ಲೆನ್ಸ್ ಸ್ವಲ್ಪ ದೂರ ಇಡೂ ಸ್ಪೇಸರ್ ಹಾಕ್ರಿ. ಕಿಡಕಿ ಬಿಸಲು ಲೆನ್ಸಿಗೆ ನೇರ ಬಿದ್ರ ಒಳಗಿನ ಪರದೆ ಸುಟ್ಟು ಕಲಿ ಬೀಳ್ತದ, ಅದು ರಿಪೇರಿ ಆಗೂದಿಲ್ಲ. ಬಳಸದಾಗ ಡಬ್ಬಿಯೊಳಗ ಇರ್ಲಿ.

ಪೇಷಂಟಿಗೆ ಏನ್ ಕಾಣಾಕತ್ತೈತಿ ಅಂತ ನಿಮಗೂ ಕಾಣಬೇಕು, ಇಲ್ಲಾಂದ್ರ "ಬಟನ್ ಒತ್ರಿ" "ಯಾವ ಬಟನ್?" ಅಂತ ಹತ್ತು ನಿಮಿಷ ಹೋಗ್ತದ. ಹೆಡ್‌ಸೆಟ್ ಚಿತ್ರಾನ ಟ್ಯಾಬ್‌ಗೆ ಕಾಸ್ಟ್ ಮಾಡ್ರಿ, ಅಂದ್ರ ಅದರ ಪರದೆ ಮ್ಯಾಲೂ ಕಾಣೂವಂಗ ಮಾಡ್ರಿ. ಎರಡೂ ಒಂದ ವೈಫೈನ್ಯಾಗ ಇರಬೇಕು. ಆಸ್ಪತ್ರೆಯ ಲಾಗಿನ್ ಕೇಳೂ ವೈಫೈ ತ್ರಾಸು, ಬ್ಯಾರೆ ಸಣ್ಣ ರೂಟರ್ ಇಟ್ಟು ಯುಪಿಎಸ್‌ಗೆ ಹಾಕ್ರಿ. ಕರೆಂಟ್ ಹೋದ್ರ ಹೆಡ್‌ಸೆಟ್ ನಡೀತದ, ರೂಟರ್ ಸಾಯ್ತದ. ವಿಡಿಯೊ, ಆಟ ಎಲ್ಲಾ ಡೌನ್‌ಲೋಡ್ ಮಾಡಿಟ್ಟಿರಬೇಕು. ಬ್ಯಾಟರಿ 2 ತಾಸು ಅಂತ ಲೆಕ್ಕ ಹಿಡೀರಿ.

ಸಿಸ್ಟರ್, ಹಾವೇರಿ

ಲೆನ್ಸ್ ಸರ್ ಬಟ್ಟೆ ಪಟ್ಟಿ ಅಂದರು. ಪೇಷಂಟಿಗೆ ಸುಖ, ಒಪ್ಪುತ್ತೇನೆ, ಆದರೆ ನಮ್ಮ ಕಡೆ ತಲೆಗೆ ಎಣ್ಣೆ ಹಚ್ಚದವರು ಯಾರಿದ್ದಾರೆ? ಒಂದು ವಾರದಲ್ಲಿ ಪಟ್ಟಿ ಜಿಡ್ಡು, ಹಣೆಯ ಕುಂಕುಮ-ವಿಭೂತಿ ಎಲ್ಲ ಫೋಮಿನೊಳಗೆ. ಆದ್ದರಿಂದ ಮೊದಲು ಕೂದಲು ಮುಚ್ಚುವ ಬಫಂಟ್ ಕ್ಯಾಪ್, ಹಣೆ ಒರೆಸಿ, ಆಮೇಲೆ ಹೆಡ್‌ಸೆಟ್. ಮುಡಿದ ಹೂವು, ಕ್ಲಿಪ್ಪು ತೆಗೆಸಿ. ಬಟ್ಟೆ ಪಟ್ಟಿ ಎರಡು ಹೆಚ್ಚಿಗೆ ಇಟ್ಟುಕೊಂಡು ತೊಳೆದು ಒಣಗಿಸಿ.

ಮುಖಕ್ಕೆ ತಾಕುವ ಫೋಮ್ ತೆಗೆದು ಸಿಲಿಕೋನ್ ಹಾಕಿ. ಫೋಮ್ ಬೆವರು ಹೀರುತ್ತದೆ, ಅದನ್ನು ಸೋಂಕುರಹಿತ ಮಾಡಲಾಗದು. ಅದರ ಮೇಲೆ ಒಬ್ಬರಿಗೊಂದು ಬಿಸಾಡುವ ಕವರ್. ತೆಗೆದ ಕವರಿಗೆ ರಕ್ತ, ಕೀವು ತಾಗಿದ್ದರೆ ಸೋಂಕಿನ ಕಸದ ಹಳದಿ ಚೀಲಕ್ಕೆ. ಸಿಲಿಕೋನ್, ಕಂಟ್ರೋಲರ್‌ಗಳನ್ನು 70% ಐಸೊಪ್ರೊಪೈಲ್ ಆಲ್ಕೋಹಾಲ್ ವೈಪ್‌ನಿಂದ ಒರೆಸಿ, ತಾನಾಗಿ ಆರಲು ಬಿಡಿ, ಬಟ್ಟೆಯಿಂದ ಒರೆಸಿ ಒಣಗಿಸಬೇಡಿ. ಲೆನ್ಸಿಗೆ ಮಾತ್ರ ಆಲ್ಕೋಹಾಲ್ ಮುಟ್ಟಿಸಬಾರದು, ಲೇಪ ಹೋಗುತ್ತದೆ. ಒಣ ಮೈಕ್ರೋಫೈಬರ್ ಸಾಕು. ಹೆಡ್‌ಸೆಟ್ ಸರಿಪಡಿಸುವವರು ಬೇರೆ, ಗಾಯ ಮುಟ್ಟುವವರು ಬೇರೆ ಇರಲಿ. ಡ್ರೆಸಿಂಗಿನ ಗ್ಲೌಸಿನಲ್ಲೇ ಪಟ್ಟಿ ಬಿಗಿಮಾಡುವುದು ಎಲ್ಲ ಕಡೆ ಕಾಣುವ ತಪ್ಪು. ಸೋಂಕು ಹರಡದಂತೆ ಬೇರೆ ಇಟ್ಟ (ಐಸೊಲೇಶನ್) ರೋಗಿಗಳಿಗೆ ಈ ಹೆಡ್‌ಸೆಟ್ ಹೋಗಲೇಬಾರದು.

ಮಕ್ಕಳ ಬಗ್ಗೆ ನನ್ನ ಮಾತು ಬೇರೆ. 10 ವರ್ಷದ ಕೆಳಗಿನವರಿಗೆ ಇದು ಅಲ್ಲ ಎಂದು ಮೆಟಾ ಕಂಪನಿಯೇ ಹೇಳುತ್ತದೆ. ಮಕ್ಕಳ ಕಣ್ಣುಗುಡ್ಡೆಗಳ ನಡುವಿನ ಅಂತರ ಚಿಕ್ಕದು, ಚಿತ್ರ ಮಬ್ಬಾಗುತ್ತದೆ. ಹಳೆಯ ಕ್ವೆಸ್ಟ್ 2ರಲ್ಲಂತೂ ಲೆನ್ಸ್‌ಗಳ ಅಂತರಕ್ಕೆ 58, 63, 68 ಮಿಲಿಮೀಟರ್ ಮೂರೇ ಅಳತೆ. ಮೂರು ವರ್ಷದ ಕೂಸಿಗೆ ಅವ್ವನ ತೊಡೆ, ಮೊಬೈಲ್‌ನಲ್ಲಿ ಕಾರ್ಟೂನ್, ಬಬಲ್ ಊದುವ ಡಬ್ಬಿ ಇಷ್ಟು ಸಾಕು. ಅವ್ವನ ಮುಖ ಮರೆಯಾದರೆ ಕೂಸು ಇನ್ನೂ ಹೆದರುತ್ತದೆ.

ಡ್ರೆಸಿಂಗ್ ರೂಮ್, ಗದಗ

ಭಾಳ ಉಪಕಾರ ಆತ್ರಿ. ಹಂಗಾದ್ರ ಸಣ್ಣ ಮಕ್ಕಳನ್ನ ಬಿಟ್ಟು ಡ್ರೆಸಿಂಗಿಗಷ್ಟ ಶುರು ಮಾಡ್ತೀವಿ. ಹಿರ್‍ಯಾರಿಗೆ ತೋರಸೂದು, ಆಮ್ಯಾಲ ಉಪಯೋಗ ಆತೋ ಇಲ್ಲೋ ಅಳಿಯೂದು ಹೆಂಗ ಅಂತ ಒಂಚೂರು ಹೇಳ್ರಿ. ಎಂಆರ್‌ಐಗೆ ಹೆದರೂ ಮಂದಿಗೂ ಬರ್ತದೇನು?

ಲೆನ್ಸ್, ಹುಬ್ಬಳ್ಳಿ

ಹಿರ್‍ಯಾರಿಗೆ ತೋರಸಾಕ ನಿಮ್ಮ ಗದಗ ಜಿಲ್ಲಾದಾಗ ಚಿತ್ರೀಕರಣ ಮಾಡ್ರಿ. ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರ್ತಾವ, ಮಳಿಗಾಲದಾಗ ಕಪ್ಪತಗುಡ್ಡ ಹಸರಾಗಿರ್ತದ. 360 ಕ್ಯಾಮೆರಾ ಟ್ರೈಪಾಡ್ ಮ್ಯಾಲ 120 ಸೆಂ.ಮೀ. ಎತ್ತರಕ್ಕ ಅಲ್ಲಾಡದಂಗ ಇಡ್ರಿ. ಒಂದು ಮೀಟರ್ ಒಳಗ ಏನೂ ಇರಬಾರದು, ಇದ್ರ ಚಿತ್ರಗಳನ್ನ ಜೋಡಿಸಿದ ಗೆರಿ ಕಾಣ್ತದ. ಗಾಡಿ ಮ್ಯಾಲ, ನಡಕೋಂತ ತಗದ ವಿಡಿಯೊ ಬ್ಯಾಡವೇ ಬ್ಯಾಡ. ಕಣ್ಣು ಓಡ್ತದ, ಮೈ ಮಲಗಿರ್ತದ, ವಾಂತಿ ಬರ್ತದ. ಮ್ಯಾಲ ಗದಗಿನ ಮಾತಿನ್ಯಾಗ ಯಾರರ ಸಾವಕಾಶ ಹೇಳಲಿ: 4 ಸೆಕೆಂಡ್ ಉಸಿರು ಒಳಗ, 6 ಸೆಕೆಂಡ್ ಹೊರಗ.

ಅರಿವಳಿಕೆ, ಧಾರವಾಡ

ಅಳತೆಗೆ ಮೂರು ಪ್ರಶ್ನೆ ಕೇಳಿ, ಕೇಸ್ ಶೀಟಿನಲ್ಲಿ ಬರೆಯಿರಿ: ಅತಿ ಹೆಚ್ಚು ನೋವು ಎಷ್ಟಿತ್ತು, ನೋವಿನ ಬಗ್ಗೆ ಎಷ್ಟು ಹೊತ್ತು ಯೋಚಿಸಿದಿರಿ, ವಾಕರಿಕೆ ಬಂತೇ. ಹತ್ತಕ್ಕೆ ಎಷ್ಟು ಎಂದರೆ ತಿಳಿಯದ ಅಜ್ಜ-ಅಜ್ಜಿಯರನ್ನು "ರೂಪಾಯಿಗೆ ಎಷ್ಟಾಣೆ ನೋವು" ಎಂದು ಕೇಳಿ, 16ಕ್ಕೆ ಲೆಕ್ಕ ಹಿಡಿಯಿರಿ. ಅದೇ ಪೇಷಂಟಿಗೆ ಒಂದು ಡ್ರೆಸಿಂಗ್ ಹೆಡ್‌ಸೆಟ್ ಇಟ್ಟು, ಮುಂದಿನದು ಇಲ್ಲದೆ ಮಾಡಿ ಹೋಲಿಸಿ. ಔಷಧದ ಪ್ರಮಾಣ ಎರಡೂ ಸಲ ಒಂದೇ ಇರಬೇಕು. ಪ್ರಕಟಿಸುವ ಉದ್ದೇಶವಿದ್ದರೆ ಮೊದಲೇ ನೈತಿಕ ಸಮಿತಿಯ ಒಪ್ಪಿಗೆ.

ಎಂಆರ್‌ಐಗೆ ಬರುತ್ತದೆ, ಆದರೆ ಹಿಂದಿನ ದಿನ, ಹೊರಗಿನ ಕೋಣೆಯಲ್ಲಿ: ಕೊಳವೆಯೊಳಗೆ ಮಲಗಿದ ಹಾಗಿನ 360 ವಿಡಿಯೊ, ಯಂತ್ರದ ಬಡಿತದ ಸದ್ದು ಸಮೇತ, ಅಭ್ಯಾಸಕ್ಕೆ. ಸಾಮಾನ್ಯ ಹೆಡ್‌ಸೆಟ್ ಎಂಆರ್‌ಐ ಕೋಣೆಯ ಬಾಗಿಲು ದಾಟಬಾರದು. ಯಂತ್ರದ ಅಯಸ್ಕಾಂತ ಅದನ್ನು ಕೈಯಿಂದ ಕಿತ್ತುಕೊಳ್ಳುತ್ತದೆ.