ಸಬ್ಬಸಗಿ ಗೇಣುದ್ದ ಆಗೂದ್ರಾಗ ಹೂ ಬಿಡಾಕತ್ತೈತಿ, ಸಹಾಯ ಮಾಡ್ರಿ

ಅಕ್ಕಾರ, ಅಣ್ಣಾರ, ನಮಸ್ಕಾರ. ಕೊಪ್ಪಳದಾಗ ನಮ್ಮ ಮನಿ ಮಾಳಿಗಿ ಮ್ಯಾಲೆ ಕುಂಡದಾಗ ಸಬ್ಬಸಗಿ ಹಾಕೀನ್ರಿ. ಎರಿಮಣ್ಣಿಗೆ ಉಸುಕು, ತಿಪ್ಪಿಗೊಬ್ಬರ ಕೂಡಿಸಿ ಫೆಬ್ರುವರಿ ಕೊನಿಗೆ ಬೀಜ ಚೆಲ್ಲಿದ್ದೆ. ಹತ್ತು ದಿನಕ್ಕ ಕೂದಲೆಳಿಯಂಥ ಸಸಿ ಎದ್ವು, ನೋಡಾಕ ಭಾಳ ಚಂದ. ಈಗ ಗೇಣುದ್ದ ಆಗೂದ್ರಾಗ ದಂಟು ಬಲತು, ಛತ್ರಿಯಂಗ ಹಳದಿ ಹೂ ಬಿಟ್ಟಾವು. ಸೊಪ್ಪು ಒಂದು ಹಿಡಿನೂ ಸಿಗವಲ್ದು.

ಬಿಸಲು ಏರಿದ್ರ ಇದು ಲಗೂ ಹೂವಿಗೆ ಬರತೈತಿ. ನಮ್ಮಲ್ಲಿ ಬ್ಯಾಸಗಿ 40 ಡಿಗ್ರಿ ಮುಟ್ಟತೈತಿ. ಮ್ಯಾಲೆ ಹಸಿರು ಪರದಿ ಕಟ್ಟಿದ್ರ ಸಾಕಾಗತೈತೇನ್ರಿ, ಇಲ್ಲಾ ದೀಪಾವಳಿ ತನಕ ಕಾಯಬೇಕೋ? ನೆಳ್ಳಿಗೆ ಕಿತ್ತು ಹಚ್ಚಿದ ನಾಕು ಸಸಿ ಮರುದಿನನ ಬಾಡಿದ್ವು. ತಾಯಿಬೇರು ಅಲುಗಿದ್ರ ಅದು ತಡಕೊಳ್ಳಂಗಿಲ್ಲ, ನೀವ್ಯಾರೂ ಹಂಗ ಮಾಡಬ್ಯಾಡ್ರಿ.

ಇನ್ನೊಂದು ಮಾತು. ನಮ್ಮವ್ವ ಹೆಸರುಬ್ಯಾಳಿ ಹಾಕಿ ಪಲ್ಯ ಮಾಡಿದ್ರ ಓಣಿ ತನಕ ಘಮ ಬರತಿತ್ತು. ಆಕಿ ಈಗಿಲ್ಲ. ನಾನು ಬ್ಯಾಳಿ, ಸೊಪ್ಪು ಕೂಡೇ ಕುದಿಸ್ತೀನಿ, ಘಮ ಎಲ್ಲಾ ಹಾರಿ ಹೊಕ್ಕೈತಿ. ಬ್ಯಾಳಿ ನೆನಸಿ, ಬೆಳ್ಳುಳ್ಳಿ ಒಗ್ಗರಣಿಯಾಗ ಮೊದಲ ಬೇಯಿಸಿ, ಸೊಪ್ಪು ಕಡೀಕ ಹಾಕಬೇಕೇನ್ರಿ? ಎಷ್ಟೊತ್ತು ಒಲಿ ಮ್ಯಾಲೆ ಇಡಬೇಕು? ರೊಟ್ಟಿ ಜೋಡಿ ಆ ರುಚಿ ಇನ್ನೊಮ್ಮೆ ಉಣ್ಣಬೇಕು ಅನ್ನೂ ಆಸೆ ಐತ್ರಿ, ಗೊತ್ತಿದ್ದೋರು ತಿಳಿಸ್ರಿ.